ಮೊರದಲ್ಲಿ ಕೊಂಡ ಮಗಳು

ಅವತ್ತು ಸೋಮವಾರ. ವಿಜಯಪುರದ ಸಿದ್ಧೇಶ್ವರ ಗುಡಿಗೆ ಬಂದ ಹೆಂಗಸರು ಹಾಗೆಯೇ ನಮ್ಮ ಓಣಿಗೆ ಹೊರಳಿ ಕುಪ್ಪಸದ ಬಟ್ಟೆ ಕೊಟ್ಟು ಹೋಗುವ ದಿನ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನಾನು ಮಿಷನ್ನಿನ ಮೇಲೆ ಇದ್ದರೆ ಅವ್ವ ಬಾಗಿಲ ಬಳಿ ಬೆಳಕಿಗೆ ಕುಳಿತು ಹುಕ್ಕು ಹಚ್ಚುತ್ತಿದ್ದಳು. ಕಣ್ಣು ಮಂದವಾದ ಮೇಲೆ ಸೂಜಿಗೆ ದಾರ ಪೋಣಿಸುವುದು ಅವಳಿಂದ ಆಗುತ್ತಿರಲಿಲ್ಲ. ಗಳಿಗೆಗೊಮ್ಮೆ ನನ್ನನ್ನು ಕರೆಯುವುದು ಬೇಡವೆಂದು, ಬೆಳಿಗ್ಗೆಯೇ ಏಳೆಂಟು ಸೂಜಿಗೆ ದಾರ ಪೋಣಿಸಿ ಸಣ್ಣ ದಿಂಬೊಂದಕ್ಕೆ ಚುಚ್ಚಿಡಲು ಹೇಳುತ್ತಿದ್ದಳು. ದಾರ ತೀರಿದ ಸೂಜಿಯನ್ನು ಆಚೆ ಇಟ್ಟು ಇನ್ನೊಂದನ್ನು ಕೀಳುತ್ತಿದ್ದಳು.

ಗಿರಾಕಿಯೊಬ್ಬಳು ಬಂದು, "ಯವ್ವಾ, ಈ ಸಲರೆ ಹುಕ್ಕು ಗಟ್ಟಿ ಹಚ್ಚಬೇ. ಹೋದ ಸಲದ್ದು ಊಟಕ್ಕ ಕುಂತಾಗ ಕಿತ್ತು ಹೋತು" ಅಂದಳು.

ಅವ್ವ ತಲೆ ಎತ್ತಲಿಲ್ಲ. "ಹುಕ್ಕು ಗಟ್ಟೀನ ಇತ್ತವ್ವ. ಹೋಳಿಗಿ ಎಷ್ಟ ತಿಂದಿ ಅನ್ನೂದು ಮೊದಲ ಹೇಳು."

ಅವಳು ನಕ್ಕಳು, ನಾನೂ ನಕ್ಕೆ. ರಾತ್ರಿ ಅವ್ವ ಒಂದೂವರೆ ರೊಟ್ಟಿ, ಪುಂಡಿಪಲ್ಯ ಉಂಡಳು. ಉಪ್ಪು ಕಡಿಮೆಯಾಗಿದೆ ಎಂದಳು. ಬೆಳಿಗ್ಗೆ ನಾನು ಚಹಾ ಸೋಸಿ ಕೂಗಿದೆ. ಎರಡನೆಯ ಸಲ ಕೂಗಿದೆ. ಮೂರನೆಯ ಸಲ ಕೂಗದೆ ಒಳಗೆ ಹೋಗಿ ನೋಡಿದೆ. ನಿದ್ದೆಯಲ್ಲಿಯೇ ಹೋಗಿದ್ದಳು.

ದಿಂಬಿನಲ್ಲಿ ದಾರ ಪೋಣಿಸಿದ ಎರಡು ಸೂಜಿ ಉಳಿದಿದ್ದವು.

ನಮ್ಮಲ್ಲಿ ಹೆಣ್ಣು ತೀರಿದರೆ ಅವಳ ತವರಿನಿಂದ ಸೀರೆ ಬರಬೇಕು. ಅದನ್ನು ಹೊದಿಸಿಯೇ ಮಣ್ಣಿಗೆ ಕಳಿಸುವುದು. ಹುಟ್ಟಿದ ಮನೆಯ ಅರಿವೆ ಕೊನೆಗೆ ಮೈಮೇಲಿರಬೇಕು ಎನ್ನುತ್ತಾರೆ. ಅವ್ವನ ತವರು ಬಬಲೇಶ್ವರ. ಅವಳ ತಮ್ಮ, ನನ್ನ ಸೋದರಮಾವ, ಹನ್ನೊಂದು ಗಂಟೆಗೆಲ್ಲ ಹಸಿರು ಸೀರೆ ತಂದ. ಬರುವ ದಾರಿಯಲ್ಲಿ ಅಂಗಡಿ ತೆಗೆಸಿ ಕೊಂಡದ್ದು, ಅಂಗಡಿಯವರ ಚೀಟಿ ಇನ್ನೂ ಅಂಟಿಕೊಂಡಿತ್ತು.

ಅದಾದ ಅರ್ಧ ಗಂಟೆಗೆ ಗುರುತಿಲ್ಲದ ಹೆಂಗಸೊಬ್ಬಳು ಬಂದಳು. ಅರವತ್ತರ ಆಸುಪಾಸು. ಅವ್ವನ ಕಾಲ ಬಳಿ ಇನ್ನೊಂದು ಸೀರೆ ಇಟ್ಟು, ಕೈಮುಗಿದು, ಯಾರೊಡನೆಯೂ ಮಾತಾಡದೆ ಗೋಡೆಗೆ ಒರಗಿ ನಿಂತಳು. ಇಳಕಲ್ಲ ಸೀರೆ, ಕೈಮಗ್ಗದ್ದು, ದಾಳಿಂಬೆ ಬಣ್ಣ, ಕೆಂಪು ಸೆರಗು. ಉಟ್ಟದ್ದಲ್ಲ, ಆದರೆ ಹೊಸದೂ ಅಲ್ಲ. ಮಡಿಕೆಯ ಗೆರೆಗಳು ಮಾಸಿ ಹಳದಿಯಾಗಿದ್ದವು, ಡಾಂಬರ ಗುಳಿಗೆಯ ವಾಸನೆ ಇತ್ತು. ಬಟ್ಟೆ ಮುಟ್ಟಿಯೇ ಹೊಟ್ಟೆ ಹೊರೆಯುವವಳು ನಾನು. ವರ್ಷಗಟ್ಟಲೆ ಯಾರೋ ಅದನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದರೆಂದು ತಿಳಿಯಿತು.

ಹಿರಿಯ ಹೆಂಗಸರು ನನ್ನನ್ನು ಕೇಳಿದರು. "ಯಾವ ಸೀರಿ ಹೊದಸೂಣವ್ವ?"

ನಾನು ಮಾವ ತಂದದ್ದನ್ನು ತೋರಿಸಿದೆ. ಅದೇ ತವರಿನದು, ಇನ್ನೇನು ಕೇಳುವುದು. ಇನ್ನೊಂದನ್ನು ಯಾರೋ ಒಳಗೆ ಒಯ್ದು ಟ್ರಂಕಿನಲ್ಲಿಟ್ಟರು. ಮಣ್ಣು ಮುಗಿಸಿ ಬಂದು ನೋಡಿದರೆ ಆ ಹೆಂಗಸು ಇರಲಿಲ್ಲ. ನೀರು ಕೂಡ ಕುಡಿಯದೆ ಹೋಗಿದ್ದಳು.

ಅಪ್ಪ ಮೊದಲೇ ತೀರಿಕೊಂಡಿದ್ದ. ನಾನು ಒಬ್ಬಳೇ ಮಗಳು. ಅವ್ವನ ಹೆಸರಿನಲ್ಲಿ ತಿಕೋಟಾದ ಹತ್ತಿರ ಎರಡು ಎಕರೆ ಹೊಲವಿತ್ತು, ಅಲ್ಲಿಯ ಒಂದು ಮನೆಯವರು ಅದರಲ್ಲಿ ದ್ರಾಕ್ಷಿ ಹಾಕಿದ್ದರು. ಅವಳ ಹೆಸರು ತೆಗೆದು ನನ್ನ ಹೆಸರು ಹಚ್ಚಿಸಬೇಕಿತ್ತು. ಹೊಲದ ಆಸೆಗಿಂತ ಮನೆಯಲ್ಲಿ ಕೂಡಲಾಗದ್ದಕ್ಕೇ ನಾನು ಹೊರಟದ್ದು. ಆ ದಿನಗಳಲ್ಲಿ ಒಂದು ಕುಪ್ಪಸಕ್ಕೆ ಎರಡೂ ಎಡತೋಳು ಕತ್ತರಿಸಿದ್ದೆ.

ಊರಿನ ಹೊಲಗಳ ಲೆಕ್ಕ ಇಡುವ ತಿಕೋಟಾದ ತಲಾಟಿ ವಯಸ್ಸಿನಲ್ಲಿ ನನಗಿಂತ ಸಣ್ಣವನು. ಹೊಲದ ಪಹಣಿ ಉತಾರ ನೋಡಿ, ಹಳೆಯ ದಾಖಲೆ ತಿರುವಿ, "ಅಕ್ಕಾರ, ಈ ಹೊಲ ನಿಮ್ಮವ್ವಾರಿಗೆ ಯಾರಿಂದ ಬಂದೈತಿ?" ಎಂದ.

"ನಮ್ಮಜ್ಜ ಕೊಟ್ಟಾನ್ರಿ, ಬಬಲೇಶ್ವರದಾಂವ."

"ಅಜ್ಜಂದಲ್ಲರಿ ಇದು. ಹೊನವಾಡದ ಒಬ್ಬಾಕಿ ಬಕ್ಷೀಸ, ಅಂದ್ರ ದಾನಪತ್ರ, ಬರದ ಕೊಟ್ಟಾಳ. ಆಕಿ ನಿಮಗ ಏನಾಗಬೇಕು?"

ನನಗೆ ಗೊತ್ತಿರಲಿಲ್ಲ. ಹೊನವಾಡದಲ್ಲಿ ನಮಗೆ ಯಾರೂ ಇಲ್ಲ ಎಂದೆ. ಹಾಗೆ ಹೇಳುವಾಗಲೇ ಆ ದಾಳಿಂಬೆ ಸೀರೆ ನೆನಪಾಯಿತು.

"ಮೂಲ ಪತ್ರದ ನಕಲು ತರ್ರಿ. ವಂಶವೃಕ್ಷ ಮಾಡಸ್ರಿ. ಆಮ್ಯಾಲೆ ನೋಡೂಣ" ಎಂದು ಅವನು ಹೆಲ್ಮೆಟ್ಟು ತೆಗೆದುಕೊಂಡು ಎದ್ದ.

ನಕಲಿಗಾಗಿ ವಿಜಯಪುರದ ನೋಂದಣಿ ಕಚೇರಿಗೆ ನಾಲ್ಕು ಸಲ ಹೋದೆ. ಕೊನೆಗೆ ಸಿಕ್ಕ ಕಾಗದವನ್ನು ಅಲ್ಲಿಯ ಬೇವಿನ ಗಿಡದ ಕೆಳಗೆ ನಿಂತೇ ಓದಿದೆ. ಹತ್ತನೆಯವರೆಗೆ ಕಲಿತವಳು ನಾನು, ಹಳೆಯ ಮೋಡಿ ಲಿಪಿಯಂಥ ಆ ಕೈಬರಹ ಬಿಡಿಸಲು ಹೊತ್ತಾಯಿತು. ಅವ್ವನ ಹೆಸರಿನ ಮುಂದೆ 'ಅಜ್ಞಾನ' ಎಂದು ಬರೆದಿತ್ತು. ಹಳೆಯ ಪತ್ರಗಳಲ್ಲಿ ವಯಸ್ಸಿಗೆ ಬರದ ಮಕ್ಕಳಿಗೆ ಹಾಗೆ ಬರೆಯುತ್ತಾರಂತೆ. ವಯಸ್ಸು ಒಂದು ವರ್ಷ. ಪಾಲನಕರ್ತ ತಂದೆ ಎಂದು ಅಜ್ಜನ ಹೆಸರು. ಕೊಟ್ಟವಳು ಹೊನವಾಡದ ವಿಧವೆ. ಯಾಕೆ ಕೊಟ್ಟಳು ಎಂಬಲ್ಲಿ, 'ಈ ಕೂಸಿನ ಮೇಲಿನ ಪ್ರೀತಿಯಿಂದ' ಎಂದಷ್ಟೇ ಇತ್ತು. ಸಂಬಂಧ ಏನೆಂದು ಎಲ್ಲಿಯೂ ಇರಲಿಲ್ಲ. ಕೆಳಗೆ ಅವಳ ಎಡಗೈ ಹೆಬ್ಬೆಟ್ಟು. ನಕಲಿನಲ್ಲಿ ಅದು ಕಪ್ಪು ಕಲೆಯಷ್ಟೇ.

ಒಂದು ವರ್ಷದ ಕೂಸಿಗೆ ಯಾರೋ ವಿಧವೆ ಎರಡು ಎಕರೆ ಯಾಕೆ ಕೊಡುತ್ತಾಳೆ? ಆ ರಾತ್ರಿಯೇ ಟ್ರಂಕು ತೆಗೆದು ಸೀರೆ ನೋಡಿದೆ. ಮರುದಿನ ಮೊದಲ ಬಸ್ಸಿಗೆ ಬಬಲೇಶ್ವರಕ್ಕೆ ಹೋದೆ.

ಮಾವ ಪಡಸಾಲೆಯಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದ. ಕಾಗದ ಕೊಟ್ಟೆ. ಓದಿದ, ಮಡಚಿದ, ಬಿಚ್ಚಿ ಮತ್ತೆ ಓದಿದ. ಒಳಗೆ ಹೋಗಿ ಅಜ್ಜನ ಮೃತ್ಯುಪತ್ರ ತಂದು ನನ್ನ ಮುಂದಿಟ್ಟ. ಆಸ್ತಿಯ ಹಂಚಿಕೆ ಬರೆದ ಕಾಗದ. ಅದರಲ್ಲಿ ಅವ್ವನ ಬಗ್ಗೆ ಇದ್ದದ್ದು ಎರಡೇ ಸಾಲು. 'ಮೊರದಲ್ಲಿ ಕೊಂಡ ನನ್ನ ಹಿರಿಯ ಮಗಳಿಗೆ ಹೊನವಾಡದಿಂದ ಬಂದ ಹೊಲ ಇರುವ ಕಾರಣ ಬೇರೆ ಪಾಲು ಇಟ್ಟಿಲ್ಲ. ಅವಳು ಮನೆಗೆ ಬಂದಾಗ ಸೀರೆ ಕುಪ್ಪಸ ತಪ್ಪಿಸತಕ್ಕದ್ದಲ್ಲ.'

"ಕೊಂಡ ಮಗಳು ಅಂದ್ರ ಏನ ಮಾಮಾ?"

"ನಿನಗ ಗೊತ್ತಿಲ್ಲೇನು? ಕೂಸು ಉಳೀಲಿಲ್ಲಂದ್ರ ಮಾಡತಿದ್ರು."

ಕೇಳಿ ಗೊತ್ತಿತ್ತು. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ಸಾಯುತ್ತಿದ್ದ ಮನೆಗಳಲ್ಲಿ, ಮುಂದೆ ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಬಿಡುತ್ತಿದ್ದರು. ಬೇರೆ ಮನೆಯ ಹೆಂಗಸೊಬ್ಬಳು ಬಂದು, ಬಿದ್ದ ಕೂಸು ಸಿಕ್ಕಿತೆಂಬಂತೆ ಎತ್ತಿಕೊಳ್ಳಬೇಕು. ಆಮೇಲೆ ಹಡೆದವಳು ಹೋಗಿ ಹಿಡಿ ತೌಡು ಕೊಟ್ಟು ತನ್ನ ಕೂಸನ್ನೇ ಕೊಂಡು ತರಬೇಕು. ಇದು ಈ ಮನೆಯದಲ್ಲ, ಕೊಂಡು ತಂದದ್ದು ಎಂದು ಸಾವಿಗೆ ಮೋಸ ಮಾಡುವ ಉಪಾಯ.

"ನಿಮ್ಮವ್ವಗಿಂತ ಮೊದಲ ಎರಡು ಹೋಗಿದ್ವಂತ" ಎಂದ ಮಾವ. "ಆಕಿನ್ನ ಮೊರದಾಗ ಎತಗೊಂಡಾಕಿ ಹೊನವಾಡದಾಕಿ ಇರಬೇಕು. ಮಕ್ಕಳಿಲ್ಲದ ಜೀವ, ಎತಗೊಂಡ ಕೂಸಿನ ಮ್ಯಾಲೆ ಮಾಯೆ ಬಂದಿತ್ತು, ಕೊಟ್ಟಾಳ. ಮುಗೀತಲ್ಲ?"

"ಅಂಥಾ ಮಕ್ಕಳಿಗೆ ತಿಪ್ಪಿ ಮ್ಯಾಲಿನ ಹೆಸರ ಇಡತಾರ. ಅವ್ವಗ ಯಾಕ ಇಟ್ಟಿಲ್ಲ?"

ಮಾವ ತೊಗರಿಯಿಂದ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದ.

"ಮತ್ತ ಹೊನವಾಡ ಇಲ್ಲಿಂದ ಎಷ್ಟ ದೂರ. ಮೊರದಾಗಿನ ಕೂಸು ಎತ್ತಾಕ ಬಾಜೂ ಮನಿಯಾಕಿ ಸಿಗಲಿಲ್ಲೇನು? ಆ ಹೊನವಾಡದಾಕೀನ ಹಡದು, ಅಜ್ಜ ಆಕಿ ಕಡಿಂದ ಖರೇನ ಕೊಂಡು ತಂದಿದ್ರ?"

ಮಾವ ತೊಗರಿಯ ಹರಿವಾಣವನ್ನು ಬದಿಗೆ ಸರಿಸಿದ. "ನಲವತ್ತು ವರ್ಷ ನಾಗರಪಂಚಮಿಗೆ ಆಕಿನ್ನ ಕರಿಯಾಕ ಬಂದಾಂವ ನಾ. ಜ್ವರ ಬಂದಾಗೂ ಬಂದೀನಿ. ಈಗ ನೀ ಕಾಗದ ಹಿಡ್ಕೊಂಡು ಬಂದು, ನಾ ಆಕಿ ತಮ್ಮ ಅಲ್ಲ ಅನ್ನಾಕತ್ತಿ?"

"ಹಂಗಂದಿಲ್ಲ ಮಾಮಾ."

"ಮತ್ತೆ ಹ್ಯಾಂಗಂದಿ?"

ಅತ್ತೆ ರೊಟ್ಟಿ ಹಾಕಿದಳು. ಇಬ್ಬರೂ ಮುಖ ನೋಡದೆ ಉಂಡೆವು. ಹೊರಡುವಾಗ ಮಾವ ಮೃತ್ಯುಪತ್ರದ ಝೆರಾಕ್ಸ್ ನನ್ನ ಚೀಲದಲ್ಲಿ ಇಟ್ಟ. "ಹೊನವಾಡಕ್ಕ ಹೋಗಾಕಿ ನೀ, ಗೊತ್ತೈತಿ. ಹೋಗು. ಏನ ಗೊತ್ತಾದ್ರೂ ನನಗ ಬಂದು ಹೇಳಬ್ಯಾಡ" ಎಂದ.

ಎರಡು ದಿನ ಹೋಗಲಿಲ್ಲ. ಮಿಷನ್ನಿನ ಮೇಲೆ ಕೂಡುವುದು, ಏಳುವುದು. ಮಾವ ಹೇಳಿದ್ದು ನಿಜವಾದರೆ ನಾನು ಸರಿಯಾದ ಸೀರೆಯನ್ನೇ ಹೊದಿಸಿದ್ದೆ. ನನ್ನ ಸಂಶಯ ನಿಜವಾದರೆ ಅವ್ವ ಹುಟ್ಟಿದ ಮನೆಯ ಸೀರೆ ಇಲ್ಲದೆ ಮಣ್ಣಿಗೆ ಹೋದಳು. ಅದು ಬಂದಿತ್ತು, ಅವಳ ಕಾಲ ಬಳಿಯೇ ಇತ್ತು. ಬೇಡವೆಂದು ತೆಗೆಸಿದವಳು ನಾನು. ಮೂರನೆಯ ದಿನ ಬಸ್ಸು ಹತ್ತಿದೆ.

ಹೊನವಾಡದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಪತ್ರದಲ್ಲಿದ್ದ ಮನೆತನದ ಹೆಸರು ಹೇಳಿದೆ, ತೋರಿಸಿದರು. ಬಾಗಿಲು ತೆರೆದವಳು ಅಂದು ಸೀರೆ ತಂದವಳೇ. ನನ್ನನ್ನು ನೋಡಿ ಬೆರಗಾಗಲಿಲ್ಲ. "ಬಾರವ್ವ" ಎಂದು ಚಾಪೆ ಹಾಸಿದಳು.

ಹೊಲ ಕೊಟ್ಟವಳು ಅವಳ ಗಂಡನ ತಂದೆಯ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲಿಯೇ ಇದ್ದು ತೀರಿಕೊಂಡವಳು. ಇವಳು ಆಕೆಯನ್ನು ದೊಡ್ಡತ್ತಿ ಎನ್ನುತ್ತಿದ್ದಳು.

"ಆ ಸೀರಿ ದೊಡ್ಡತ್ತೀನ ತಗೊಂಡಿದ್ಲು. ಇಳಕಲ್ಲಾಂವ ಗಂಟು ಹೊತ್ತು ಬರತಿದ್ನಲ್ಲ, ಅಂವನ ಕಡೆ. ತಗೊಂಡು ಟ್ರಂಕಿನ್ಯಾಗ ಇಟ್ಟು, ನಾ ಹೋದ ಮ್ಯಾಲೆ ವಿಜಾಪುರದಾಕಿ ಹೋದ್ಲಂದ್ರ ಇದನ್ನ ಒಯ್ಯಿ ಅಂದಿದ್ಲು. ತಿಕೋಟಾದಾಗ ನಿಮ್ಮ ಹೊಲ ಮಾಡೂರು ಫೋನ್ ಹಚ್ಚಿದ್ರು, ಒಯ್ದೆ."

"ಯಾಕ ಒಯ್ಯಬೇಕು ಅಂತ ಕೇಳಲಿಲ್ಲೇನ್ರಿ?"

"ಆ ಕಾಲದಾಗ ಅತ್ತಿಗಿ ಯಾಕ ಅನ್ನೂ ಸೊಸಿ ಹುಟ್ಟಿದ್ದಿಲ್ಲವ್ವ. ಈಗಿನವು ಅಂತಾವ. ನಮ್ಮನಿಯಾಗೂ ಒಂದೈತಿ." ಒಳಗೆ ಪಾತ್ರೆಯ ಸದ್ದು ಜೋರಾಯಿತು. ಅವಳು ದನಿ ತಗ್ಗಿಸಿ ನಕ್ಕಳು.

ಅವ್ವ ಇಲ್ಲಿಗೆ ಬರುತ್ತಿದ್ದಳೇ ಎಂದು ಕೇಳಿದೆ.

"ಪಂಚಮಿ ಮುಗದ ಮರುದಿನ ತಪ್ಪದ ಬರತಿದ್ಲು. ಶೇಂಗಾದ ಉಂಡಿ ತರತಿದ್ಲು. ದೊಡ್ಡತ್ತಿ ಹೋದ ಮ್ಯಾಲೂ ಬಂದಾಳ. ಕುಂಡ್ರತಿದ್ಲು, ಚಾ ಕುಡದು ಹೋಗತಿದ್ಲು."

ಪಂಚಮಿಯ ಮರುದಿನ ಅವ್ವ ಹೊಲ ನೋಡಿ ಬರುತ್ತೇನೆಂದು ತಿಕೋಟಾದ ಬಸ್ಸು ಹತ್ತುತ್ತಿದ್ದಳು. ಉಂಡೆ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಹೊಲ ಮಾಡುವವರ ಮಕ್ಕಳಿಗೆ ಎಂದಿದ್ದಳು.

ಕೇಳಬೇಕಾದದ್ದನ್ನು ಕೇಳಿಬಿಟ್ಟೆ. "ನಮ್ಮವ್ವನ್ನ ಹಡದಾಕಿ ನಿಮ್ಮ ದೊಡ್ಡತ್ತಿ ಏನ್ರಿ? ಇಲ್ಲಾ, ಮೊರದಾಗ ಎತಗೊಂಡಾಕಿ ಅಷ್ಟ ಏನು?"

"ನಾ ಈ ಮನಿಗಿ ಸೊಸಿಯಾಗಿ ಬಂದಾಗ ನಿಮ್ಮವ್ವನ ಲಗ್ನ ಆಗಿತ್ತು. ಎತಗೊಂಡಾಕೀನೂ ಸೀರಿ ಒಯ್ತಾಳ, ಹಡದಾಕೀನೂ ಒಯ್ತಾಳ. ದೊಡ್ಡತ್ತಿ ನಿಮ್ಮವ್ವಗ ಮಗಳ ಅಂತಿದ್ಲು. ಆದ್ರ ಆಕಿ ನನಗೂ ಮಗಳ ಅಂತಿದ್ಲು."

ಫೋಟೊ ಇದೆಯೇ ಎಂದೆ. ಇರಲಿಲ್ಲ. ಆಕೆ ಹೇಗಿದ್ದಳು ಎಂದೆ. ಕರ್ರಗ, ಎತ್ತರ, ಕಡಿಮೆ ಮಾತಿನಾಕಿ ಎಂದಳು. ಅವ್ವ ಕಪ್ಪಗಿದ್ದಳು, ಗಿಡ್ಡಗಿದ್ದಳು, ಮಾತು ಬಹಳ.

ನಾನು ಏಳುವಾಗ ಅವಳೇ ಕೇಳಿದಳು. "ಸೀರಿ ಹೊದಿಸಿದ್ರೇನು? ನಾ ಮಣ್ಣಿಗಿ ನಿಂದ್ರಲಿಲ್ಲ, ಬಸ್ಸಿತ್ತು."

ಹೂಂ ಎಂದೆ. ಸುಳ್ಳು ಹೇಳಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹಂಗಾರ ನನ್ನ ಜವಾಬ್ದಾರಿ ಮುಗೀತು" ಎಂದಳು. ತಿಕೋಟಾ ಬರುವವರೆಗೆ ನಾನು ಬಸ್ಸಿನ ಕಿಟಕಿಯ ಸರಳು ಹಿಡಿದೇ ಕುಳಿತಿದ್ದೆ.

ವಂಶವೃಕ್ಷದ ಅರ್ಜಿಯಲ್ಲಿ ಅವ್ವನ ತಂದೆ ತಾಯಿಯ ಹೆಸರು ಬರೆಯಬೇಕಿತ್ತು. ತಲಾಟಿಯ ಮೇಜಿನ ಮುಂದೆ ಪೆನ್ನು ಹಿಡಿದು ನಿಂತೆ. ತಂದೆಯ ಹೆಸರು ಬರೆದೆ. ತಾಯಿಯದು ಖಾಲಿ ಬಿಟ್ಟರೆ ನಡೆಯುತ್ತದೆಯೇ ಎಂದು ಕೇಳಿದೆ.

"ತಾಯಿ ಇಲ್ಲದ ಯಾರ ಹುಟ್ಟತಾರ್ರಿ ಅಕ್ಕಾರ? ಬರೀರಿ, ಹಿಂದ ಜನಾ ನಿಂತಾರ."

ಬಬಲೇಶ್ವರದ ಅಜ್ಜಿಯ ಹೆಸರು ಬರೆದೆ. ಆಕೆ ಅವ್ವನನ್ನು ಎತ್ತಿ ಆಡಿಸಿದವಳು, ನನ್ನ ತಲೆಗೆ ಎಣ್ಣೆ ಹಚ್ಚಿದವಳು. ಬರೆದದ್ದು ತಪ್ಪು ಅನ್ನಿಸಲಿಲ್ಲ. ಸರಿ ಎಂದೂ ಅನ್ನಿಸಲಿಲ್ಲ.

ಹೊಲ ಈಗ ನನ್ನ ಹೆಸರಿಗೆ ಆಗಿದೆ. ಈ ಸಲದ ಪಂಚಮಿಗೆ ಮಾವ ನನ್ನನ್ನೇ ಕರೆಯಲು ಬಂದ, ಹೊನವಾಡದ ಸುದ್ದಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುದಿನ ಉಂಡೆ ಕಟ್ಟಿಕೊಂಡು ತಿಕೋಟಾದವರೆಗೆ ಹೋದೆ. ಹೊನವಾಡದ ಬಸ್ಸು ಬಂತು, ಹತ್ತಲಿಲ್ಲ. ಅಲ್ಲಿ ಆ ಹೆಂಗಸಿಗೆ ಇನ್ನೊಮ್ಮೆ ಸುಳ್ಳು ಹೇಳುವ ಧೈರ್ಯ ಇರಲಿಲ್ಲ. ಉಂಡೆಯನ್ನು ಹೊಲ ಮಾಡುವವರ ಮಕ್ಕಳಿಗೆ ಕೊಟ್ಟು ಬಂದೆ.

ದಾಳಿಂಬೆ ಬಣ್ಣದ ಸೀರೆ ಟ್ರಂಕಿನಲ್ಲಿದೆ. ಅವ್ವನನ್ನು ಹಡೆದವಳು ಯಾರೆಂದು ನನಗೆ ಇನ್ನೂ ಗೊತ್ತಿಲ್ಲ.