ತಗ್ಗಿಸಿದ ಗುಡ್ಡ

ನಮ್ಮ ಮನೆ ಪಕ್ಕದ ಲಾರಿ ರಿಪೇರಿ ಶೆಡ್ಡಿನ ಮೇಸ್ತ್ರಿ ಎಂಜಿನ್ನಿನಿಂದ ಆಯಿಲ್ ಕಡ್ಡಿ ಎಳೆದು ಮೊದಲು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಸುಟ್ಟ ವಾಸನೆ ಬಂದರೆ ಹಳಸಿದ ಸಾರು ಮೂಸಿದವರಂತೆ ಮುಖ ಹಿಂಡುತ್ತಿದ್ದರು. ಲಾರಿಯ ಮಾಲೀಕ ಎಂಥ ದೊಡ್ಡವನಾದರೂ ಆ ಮುಖ ನೋಡಿ ತಲೆ ತಗ್ಗಿಸುತ್ತಿದ್ದ.

ಹೊಸದುರ್ಗದಲ್ಲಿ ಅವರು ಬಿಚ್ಚಿ ಕಟ್ಟಿದ ಎಂಜಿನ್ನು ಸುಮ್ಮನೆ ಹೊರಗೆ ಹೋಗುತ್ತಿರಲಿಲ್ಲ. ಲಾರಿಗೆ ತೆಂಗಿನಕಾಯಿಯನ್ನೋ ಜಲ್ಲಿಯನ್ನೋ ತುಂಬಿಸಿ, ಹೊಳಲ್ಕೆರೆ ಕಡೆಯ ಏರು ಹತ್ತಿಸಿ, ಡ್ರೈವರ್ ಪಕ್ಕ ಕುಳಿತು ಕೇಳಿ ಬರುತ್ತಿದ್ದರು. "ಖಾಲಿ ಎಂಜಿನ್ನು ಎಲ್ಲಾ ಚೆನ್ನಾಗೇ ಓಡ್ತಾವೆ. ಹೊರೆ ಹೊತ್ತಾಗ ಏನಂತೈತೆ, ಅದು ಕೇಳ್ಬೇಕು" ಎನ್ನುತ್ತಿದ್ದರು. ಡಿಪ್ಲೊಮಾದಲ್ಲಿ ತಲೆಗೆ ಹತ್ತದ ಪಾಠವೆಲ್ಲ ನನಗೆ ಹತ್ತಿದ್ದು ಆ ಶೆಡ್ಡಿನಲ್ಲಿ.

ಹಿರಿಯೂರಿನ ಹೆದ್ದಾರಿ ಬದಿಯ ಎಂಜಿನ್ ಪರೀಕ್ಷಾ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕ ಮೇಲೆ ಒಂದು ದಿನ ಅವರನ್ನು ಕರೆದುಕೊಂಡು ಹೋದೆ. ಅಲ್ಲಿ ಎಂಜಿನ್ನನ್ನು ನೆಲಕ್ಕೆ ಬಿಗಿದು, ಹೊರೆ ಹೇರಿ ಅದರ ಬಲ ಅಳೆಯುವ ಡೈನಮೋಮೀಟರಿಗೆ ಜೋಡಿಸುತ್ತೇವೆ. ರಸ್ತೆ ಇರುವುದು ಕಂಪ್ಯೂಟರಿನೊಳಗೆ. ಅಲ್ಲಿ ಏರು ಬಂದ ಕ್ಷಣವೇ ಡೈನಮೋಮೀಟರು ಎಂಜಿನ್ನನ್ನು ಹಿಡಿದು ಜಗ್ಗುತ್ತದೆ, ಇಳಿಜಾರಿನಲ್ಲಿ ಸಡಿಲ ಬಿಡುತ್ತದೆ. ಬಸ್ಸೇ ಇಲ್ಲದೆ ಬಸ್ಸಿನ ಎಂಜಿನ್ನು ಘಾಟಿ ಹತ್ತುವುದನ್ನು ಮೇಸ್ತ್ರಿ ಗಾಜಿನ ಈಚೆ ನಿಂತು ನೋಡಿದರು. ಇನ್ನೊಂದ್ಸಲ ಹತ್ತಿಸು ಎಂದರು.

ಎರಡನೆಯ ಸಲ ಅರ್ಧ ಏರಿನಲ್ಲೇ ಎಂಜಿನ್ನು ಮಿತಿಮೀರಿ ಕಾಯಿತು. ಶಾಲಾ ಬಸ್ಸುಗಳಿಗೆ ಹೋಗಬೇಕಿದ್ದ ಎಂಜಿನ್ನು ಅದು. ವರದಿ ಸಂಜೆಯೊಳಗೆ ಬೇಕಿತ್ತು. ಮ್ಯಾನೇಜರು ಬಂದು, ಏರನ್ನು ಸ್ವಲ್ಪ ಕಡಿಮೆ ಮಾಡಿ ಓಡಿಸು, ವರದಿಯಲ್ಲಿ ಮೊದಲಿನ ಏರನ್ನೇ ಬರೆ ಎಂದರು. ಹಾಗೇ ಮಾಡಿದೆ. ಎಂಜಿನ್ನು ಪಾಸಾಯಿತು. ಸಹಿ ನನ್ನದೇ.

ಕಂಪ್ಯೂಟರಿನ ಪರದೆ ಓದಲು ಮೇಸ್ತ್ರಿಗೆ ಬರುತ್ತಿರಲಿಲ್ಲ. ಆದರೆ ಎಂಜಿನ್ನಿನ ಸದ್ದು ಹಗುರಾದದ್ದು ಅವರ ಕಿವಿಗೆ ಗೊತ್ತಾಗಿತ್ತು.

"ಎಂಜಿನ್ನು ಹತ್ಲಿಲ್ಲ ಅಂತ ಗುಡ್ಡಾನೇ ತಗ್ಗಿಸಿದ್ಯೇನಪ್ಪ?"

ನಾನು ಮ್ಯಾನೇಜರ ಮುಖ ನೋಡಿದೆ. ಅವರು ನಗುತ್ತಾ ಟೀ ತರಿಸಿದರು. ಮೇಸ್ತ್ರಿ ಲೋಟ ಮುಟ್ಟಲಿಲ್ಲ. "ಬ್ಯಾಡ್ರಿ. ಗಂಟ್ಲಾಗೆ ಇಳಿಯಲ್ಲ" ಎಂದವರು ಬಸ್ ಸ್ಟ್ಯಾಂಡಿಗೆ ನಡೆದೇ ಹೋದರು. ನಾನು ಹಿಂದೆ ಹೋಗಲಿಲ್ಲ.

ಮರುದಿನ ಮ್ಯಾನೇಜರು ಎಲ್ಲರೆದುರು ನನ್ನನ್ನು ಹೊಂದಿಕೊಂಡು ಹೋಗುವ ಹುಡುಗ ಎಂದು ಹೊಗಳಿದರು. ಅದೇ ಕುರ್ಚಿಯಲ್ಲಿ ಕುಳಿತು ಇನ್ನೂ ಎರಡು ಎಂಜಿನ್ನುಗಳನ್ನು ಹಾಗೆಯೇ ಪಾಸು ಮಾಡಿದೆ. ಊರಿಗೆ ಹೋದರೆ ಶೆಡ್ಡಿನ ಮುಂದೆ ಹಾಯದೆ ಹಿತ್ತಲಿನಿಂದ ಮನೆ ಸೇರುತ್ತಿದ್ದೆ.

ಹೀಗೆ ಮೂರು ತಿಂಗಳು ಕಳೆದಿರಬೇಕು, ಮೇಸ್ತ್ರಿ ಎದೆನೋವಿನಿಂದ ತೀರಿಕೊಂಡರೆಂದು ಫೋನು ಬಂತು. ಮಣ್ಣಿಗೆ ಹೋದೆ. ಆಮೇಲೆ ಅವರ ಹೆಂಡತಿ ನನ್ನನ್ನು ಕರೆದು ಕೂರಿಸಿಕೊಂಡರು.

"ಅವ್ರಿಗೆ ನಿನ್ ಮ್ಯಾಲೆ ಸಿಟ್ಟಿರ್ಲಿಲ್ಲಪ್ಪ. ಬರ್ತಾನೆ ಬಿಡು, ಅಂತಿದ್ರು."

ಮಾರನೆಯ ದಿನವೇ ಆ ಮೂರೂ ವರದಿಗಳು ಸುಳ್ಳೆಂದು, ನಿಜವಾದ ಅಳತೆಗಳನ್ನು ಸೇರಿಸಿ, ಎಂಜಿನ್ನು ಕೊಳ್ಳುವವರಿಗೆ ಬರೆದು ಕಳಿಸಿದೆ. ಎಂಜಿನ್ನುಗಳು ವಾಪಸು ಬಂದವು, ನನ್ನ ಕೆಲಸ ಹೋಯಿತು. ಈಗ ಊರಲ್ಲಿ ಕೆಲವರು ನನ್ನನ್ನು ಧೈರ್ಯಸ್ಥ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಹೇಸಿ ಬರುತ್ತದೆ. ಆ ಕಾಗದ ಬರೆಯಲು ಬೇಕಾದದ್ದು ಅರ್ಧ ಗಂಟೆ. ಅವರು ಕಾಯುತ್ತಿದ್ದ ಅಷ್ಟು ದಿನಗಳಲ್ಲಿ ನನಗೆ ಆ ಅರ್ಧ ಗಂಟೆ ಸಿಕ್ಕಿರಲಿಲ್ಲ.