ತುತ್ತೂರಿಯೊಳಗಿನ ಸಂಸಾರ

ಎದುರಿಗೆ ಸಿಕ್ಕಾಗ ಬೀದಿಯವರು ಅವರನ್ನು ಮಾವ ಎನ್ನುತ್ತಿದ್ದರು. ಬೆನ್ನು ತಿರುಗಿಸಿದರೆ ‘ಗಮನಕ್ಕೆ ಮಾವ’. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ‘ಪ್ರಯಾಣಿಕರ ಗಮನಕ್ಕೆ’ ಎಂದು ಕೂಗುತ್ತಲೇ ತಲೆ ನರೆತವರು ಅವರು. ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಬಸ್ಸು ಮೂರನೇ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಅವರು ಅಂದರೆ ಸಾಕು, ತೂಕಡಿಸುತ್ತಿದ್ದವರೂ ಗಂಟುಮೂಟೆ ಹೊತ್ತು ಅತ್ತ ಓಡುತ್ತಿದ್ದರು. ಅದೇ ದನಿ ಮನೆಯಲ್ಲಿ ಒಂದು ಲೋಟ ನೀರು ಕೇಳಿದರೆ ಲೋಟವೂ ಅಲುಗಾಡುತ್ತಿರಲಿಲ್ಲ, ಹೆಂಡತಿಯೂ ಅಲುಗಾಡುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಆ ಗೂಡಿನಲ್ಲಿ ಯಾವುದೋ ಹೆಣ್ಣುದನಿಯ ಯಂತ್ರ ತಂದಿಟ್ಟರು. ಅದಕ್ಕೆ ಕೆಮ್ಮಿಲ್ಲ, ನೆಗಡಿಯಿಲ್ಲ, ಟೀ ಬೇಕಿಲ್ಲ. ಮಾವ ಅತ್ತ ತಲೆಹಾಕುವುದನ್ನೇ ಬಿಟ್ಟರು. ಮಾತಿತ್ತು, ಕೇಳುವ ಕಿವಿ ಇರಲಿಲ್ಲ. ಅಂಥ ಒಂದು ಸುಡುಬೇಸಿಗೆಯ ಮಧ್ಯಾಹ್ನ, ಒಳ್ಳೆಯ ಫ್ಯಾನಿದೆ ಎಂಬ ಒಂದೇ ಕಾರಣಕ್ಕೆ ಗ್ರಂಥಾಲಯದ ಸಭಾಂಗಣದಲ್ಲಿ ಹೋಗಿ ಕೂತರು. ಅಲ್ಲಿ ಯಾರೋ ಹವಾಮಾನ ಬದಲಾವಣೆಯ ಬಗ್ಗೆ ಮಾತಾಡುತ್ತಿದ್ದರು. ಭೂಮಿ ಬಿಸಿಯಾಗುತ್ತಿದೆ, ಹಕ್ಕಿಪಕ್ಕಿ ಮರೆಯಾಗುತ್ತಿವೆ, ಹೊತ್ತು ಮೀರುತ್ತಿದೆ, ಜನಕ್ಕೆ ಎಚ್ಚರವೇ ಇಲ್ಲ. ಮಾವನ ಮೈ ನೆಟ್ಟಗಾಯಿತು. ಗಾಡಿ ಹೊರಡಲಿದೆ, ಪ್ರಯಾಣಿಕರು ಮಲಗಿದ್ದಾರೆ. ಇದು ತಮ್ಮದೇ ಕೆಲಸವಲ್ಲದೆ ಇನ್ಯಾರದು?

ನಿಲ್ದಾಣದ ಗುಜರಿಯಿಂದ ಹಳೆಯ ತುತ್ತೂರಿ ಬಾಯಿಯ ಲೌಡ್‌ಸ್ಪೀಕರ್ ಮನೆಗೆ ಬಂತು. ಎಲೆಕ್ಟ್ರಿಷಿಯನ್ ಆಗಿದ್ದ ಭಾವಮೈದ ಅದನ್ನು ತಾರಸಿಯ ಕಬ್ಬಿಣದ ಕಂಬಕ್ಕೆ ಕಟ್ಟಿ, ವೈರು ಎಳೆದು ಕೊಟ್ಟ. ಅಂದೇ ಬೀದಿಯ ಹಸಿರು ಸಮಿತಿ ಹುಟ್ಟಿತು. ಮಾವ ಅಧ್ಯಕ್ಷರು, ಏಣಿ ಇದ್ದುದರಿಂದ ಭಾವಮೈದ ಕಾರ್ಯದರ್ಶಿ. ಹೆಂಡತಿ ಉಪಾಧ್ಯಕ್ಷೆ, ಆ ಸಂಗತಿ ಅವರಿಗೂ ಗೊತ್ತಾದದ್ದು ಲೌಡ್‌ಸ್ಪೀಕರಿನ ಮೂಲಕವೇ.

ಅಲ್ಲಿಂದ ಬೀದಿಗೆ ಬೆಳಗಾಗುತ್ತಿದ್ದದ್ದು ಸೂರ್ಯನಿಂದಲ್ಲ. ‘ನಾಗರಿಕರ ಗಮನಕ್ಕೆ. ಹಿಮಗಡ್ಡೆಗಳು ಕರಗಿ ಹೊರಡುತ್ತಿವೆ. ಗುಬ್ಬಚ್ಚಿಗಳು ಈಗಾಗಲೇ ಹೊರಟುಹೋಗಿವೆ.’ ಹಾಲು ತರಲು ಹೊರಟವರು ಒಂದು ಕ್ಷಣ ನಿಂತು, ಬಸ್ಸು ತಪ್ಪಿತೇನೋ ಎಂದು ಬೆಚ್ಚಿ, ಮುಂದೆ ನಡೆಯುತ್ತಿದ್ದರು. ದನಿ ಬೀದಿಯ ಕೊನೆಗೆ ಮುಟ್ಟುತ್ತಿಲ್ಲ ಎಂದು ಅನ್ನಿಸಿದಾಗ ಮಾವ ಕಾರಣ ಹುಡುಕಿದರು. ಅವರದೇ ಮನೆಯ ಮುಂದಿನ ಪೊದೆಬೇಲಿ ಅಡ್ಡವಾಗಿತ್ತು. ಅದನ್ನು ಬುಡಸಮೇತ ಕೀಳಿಸಿ, ಮಣ್ಣು ಕಾಣದಂತೆ ಟೈಲ್ಸ್ ಹಾಕಿಸಿದರು. ಬೇಲಿಯಲ್ಲಿ ಕಿಚಿಕಿಚಿ ಎನ್ನುತ್ತಿದ್ದ ಕೊನೆಯ ನಾಲ್ಕಾರು ಗುಬ್ಬಚ್ಚಿಗಳು ಹಾರಿಹೋದವು. ಮರುದಿನದಿಂದ ಗುಬ್ಬಚ್ಚಿಗಳ ಕಣ್ಮರೆಯ ವಿಷಯ ಬೀದಿಯ ಕೊನೆಯ ಮನೆಗೂ ಸ್ಪಷ್ಟವಾಗಿ ಕೇಳಿಸತೊಡಗಿತು.

ಮಾವ ಮಾತಿನಲ್ಲೇ ನಿಂತವರಲ್ಲ. ಮನೆಗೊಂದರಂತೆ ಪ್ಲೈವುಡ್ ಗೂಡು ಹಂಚಿದರು. ಗೂಡಿಗೆ ಚಿನ್ನದ ಬಣ್ಣ, ಬಾಗಿಲ ಮೇಲೆ ಅಧ್ಯಕ್ಷರ ಭಾವಚಿತ್ರ, ಕೆಳಗೆ ‘ಗುಬ್ಬಚ್ಚಿಗಳಿಗೆ ಕಾಯ್ದಿರಿಸಲಾಗಿದೆ’ ಎಂಬ ಬರಹ. ಒಂದು ಗುಬ್ಬಿಯೂ ಬರಲಿಲ್ಲ. ಬಾಗಿಲಲ್ಲೇ ಭಾವ ನಿಂತಿರುವಾಗ ಯಾವ ಹಕ್ಕಿಗೆ ಧೈರ್ಯ ಬಂದೀತು ಎಂದು ಭಾವಮೈದ ಅಕ್ಕನ ಹತ್ತಿರ ಅಂದದ್ದು ಮಾವನ ಕಿವಿಗೆ ಬಿತ್ತು. ಎರಡು ದಿನ ಅವನಿಗೆ ಟೀ ಸಿಗಲಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಪುರಸಭೆಯವರು ಅತ್ಯುತ್ತಮ ಹಸಿರು ಬೀದಿಗೆ ಬಹುಮಾನ ಸಾರಿದರು. ದೊಡ್ಡ ಅಧಿಕಾರಿ ಬಂದು ನೋಡುತ್ತಾರೆ, ಸಮಿತಿಯ ಅಧ್ಯಕ್ಷರು ಸ್ವಾಗತ ಭಾಷಣ ಮಾಡಬೇಕು. ಮಾವ ಆ ಭಾಷಣದ ತಾಲೀಮು ಎಷ್ಟು ಹುರುಪಿನಿಂದ ನಡೆಸಿದರೆಂದರೆ, ಗಂಟಲು ಕಟ್ಟಿತು. ಒಂದು ತಿಂಗಳು ಪಿಟ್ಟೆನ್ನಕೂಡದು ಎಂದು ಡಾಕ್ಟರು ಬಾಯಿಗೆ ಬೀಗ ಹಾಕಿ ಕಳಿಸಿದರು. ಡಾಕ್ಟರಿಗೆ ಬೀದಿಯವರು ಹಣ್ಣಿನ ಬುಟ್ಟಿ ಕಳಿಸಿದರು ಎಂಬ ಸುದ್ದಿ ನಿಜವೋ ಸುಳ್ಳೋ, ಯಾರೂ ಅಲ್ಲಗಳೆಯಲಿಲ್ಲ.

ಬಾಯಿ ಮುಚ್ಚಿದ್ದರೂ ಕೈ ಬಿಡುವಾಗಿತ್ತು. ಎದುರುಮನೆಯ ನಿವೃತ್ತ ಟೀಚರಮ್ಮನ ಬೇಲಿ ಕೆದರಿದ ತಲೆಯಂತೆ ಬೆಳೆದು ಬೀದಿಯ ಅಂದ ಕೆಡಿಸುತ್ತಿದೆ, ಬಹುಮಾನದ ದಿನಕ್ಕೆ ಮುಂಚೆ ಅದನ್ನು ತೆಗೆಸಬೇಕು ಎಂದು ಸಮಿತಿಯ ಪರವಾಗಿ ಬರೆದು ಕಳಿಸಿದರು. ಟೀಚರಮ್ಮ ಉತ್ತರ ಕೊಡಲಿಲ್ಲ.

ತಿಂಗಳು ಕಳೆಯಿತು. ಗಂಟಲು ತೆರೆಯಿತು. ಬಹುಮಾನಕ್ಕೆ ವಾರವಿರುವಾಗ, ಧೂಳು ಒರೆಸಿ ಬಾ ಎಂದು ಭಾವಮೈದನನ್ನು ಲೌಡ್‌ಸ್ಪೀಕರ್ ಕಂಬಕ್ಕೆ ಹತ್ತಿಸಿದರು. ಅವನು ತುತ್ತೂರಿಯ ಬಾಯೊಳಗೆ ಇಣುಕಿದವನೇ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಇಳಿದ. ತಲೆಯ ಮೇಲೆ ಎರಡು ಹುಲ್ಲುಕಡ್ಡಿ.

“ಭಾವ, ಸೀಟು ಭರ್ತಿ,” ಅಂದ.

ಒಳಗೆ ಗುಬ್ಬಚ್ಚಿ ಗೂಡು ಕಟ್ಟಿತ್ತು. ಮರಿಗಳೂ ಆಗಿದ್ದವು. ಇಷ್ಟು ವರ್ಷ ಯಾವ ಬಾಯಿ ‘ಗುಬ್ಬಚ್ಚಿಗಳು ಹೊರಟುಹೋಗಿವೆ’ ಎಂದು ಕೂಗಿತ್ತೋ ಆ ಬಾಯಿ ಮುಚ್ಚಿದ್ದೇ ತಡ, ಅವು ಅದರೊಳಗೇ ಬಂದು ಕೂತಿದ್ದವು. ಮಾವನಿಗೆ ಮೊದಲು ಹೆಮ್ಮೆಯಾಯಿತು. ಮರುಗಳಿಗೆಯಲ್ಲಿ ಭಾಷಣದ ನೆನಪಾಯಿತು. ಗೂಡನ್ನು ಹಾಗೇ ಎತ್ತಿ ಚಿನ್ನದ ಬಣ್ಣದ ಗೂಡಿಗೆ ವರ್ಗ ಮಾಡಿದರಾಯಿತು ಎಂದು ಅಪ್ಪಣೆ ಕೊಟ್ಟರು. ಹೆಂಡತಿ ಬಿಡಿಸುತ್ತಿದ್ದ ಸೊಪ್ಪಿನ ಮೊರದ ಸಮೇತ ಬಂದು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು.

“ರೀ, ಗೂಡು ಮುಟ್ಟಿ ಅಮ್ಮ ಬರದೇ ಹೋದ್ರೆ ಮರಿಗಳಿಗೆ ಯಾರು ಉಣಿಸ್ತಾರೆ? ಅಧ್ಯಕ್ಷರು ಉಣಿಸ್ತಾರಾ?”

ಉಪಾಧ್ಯಕ್ಷೆ ಮಾತಾಡಿದ್ದು ಅದೇ ಮೊದಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಾವ ಇನ್ನೊಂದು ದಾರಿ ಹುಡುಕಿದರು. ಒಂದು ಕೈಮೈಕು ತರಿಸಿ, ತಾರಸಿಯ ಆಚೆ ತುದಿಗೆ ನಿಂತು, ತುತ್ತೂರಿಗೆ ಬೆನ್ನು ಮಾಡಿ, ಒಂದೇ ಒಂದು ‘ಗಮನಕ್ಕೆ’ ಎಂದರು.

ಕೊಕ್ಕಿನಲ್ಲಿ ಹಸಿರು ಹುಳ ಕಚ್ಚಿಕೊಂಡು ಬರುತ್ತಿದ್ದ ತಾಯಿಗುಬ್ಬಿ ಗಾಳಿಯಲ್ಲೇ ತಿರುಗಿ ಎದುರಿನ ತಂತಿಯ ಮೇಲೆ ಕೂತಿತು. ಒಳಗಿಂದ ಮರಿಗಳು ಚೀರತೊಡಗಿದವು. ತಾಯಿ ಬರಲಿಲ್ಲ. ಮಾವ ಮೈಕು ಕೆಳಗಿಟ್ಟು ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತರು. ಬಿಸಿಲು ನೆತ್ತಿಗೇರಿತು. ಗಾಜಿನ ಗೂಡಿನಲ್ಲಿದ್ದಾಗ ಅವರು ಯಾವ ಪ್ರಯಾಣಿಕನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಹೇಳುವುದು ತಮ್ಮ ಕೆಲಸ, ಹತ್ತುವುದು ಅವರ ಕರ್ಮ. ಈಗ ಒಬ್ಬಳು ಪ್ರಯಾಣಿಕೆ ಮಾವನ ದನಿಗೆ ಹೆದರಿ ಮನೆಗೆ ಹೋಗಲಾರದೆ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಗುಬ್ಬಿ ಒಳಗೆ ಹೋಯಿತು. ಮತ್ತೆ ಹೊರಬಿದ್ದು ಸೀದಾ ಎದುರುಮನೆಯ ಕೆದರಿದ ಬೇಲಿಗೆ ನುಗ್ಗಿ, ಇನ್ನೊಂದು ಹುಳ ತಂದಿತು. ಟೈಲ್ಸ್ ಹಾಸಿದ ಅಧ್ಯಕ್ಷರ ಅಂಗಳದತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಆ ಬೇಲಿಯ ಬುಡದಲ್ಲೇ ಅಷ್ಟು ಹೊತ್ತಿಗೆ ಒಬ್ಬ ಆಳು ದೊಡ್ಡ ಕತ್ತರಿ ಹಿಡಿದು ನಿಂತಿದ್ದ. ಟೀಚರಮ್ಮ ಕೊನೆಗೂ ಸಮಿತಿಯ ಮಾತಿಗೆ ತಲೆಬಾಗಿದ್ದರು.

ಮಾವನ ಬಾಯಿ ತೆರೆಯಿತು. ಕೂಗಿದರೆ ಗುಬ್ಬಿ ಹಾರುತ್ತದೆ, ಕೂಗದಿದ್ದರೆ ಬೇಲಿ ಹೋಗುತ್ತದೆ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು, ಕಾದ ಟಾರಿನ ಮೇಲೆ ಕುಣಿಯುತ್ತ ಬೀದಿ ದಾಟಿದರು. ಎದುರುಮನೆಯ ಗೇಟನ್ನು ಅವರು ದಾಟಿದ್ದು ಹತ್ತು ವರ್ಷಗಳಲ್ಲಿ ಅದೇ ಮೊದಲು.

“ಕತ್ತರಿಸಬೇಡಿ,” ಎಂದು ಪಿಸುಗುಟ್ಟಿದರು.

“ನೀವೇ ತಾನೆ ಬರೆದು ಕಳಿಸಿದ್ದು?” ಎಂದರು ಟೀಚರಮ್ಮ, ಇಡೀ ಬೀದಿಗೆ ಕೇಳುವಂತೆ.

“ಸ್ವಲ್ಪ ಮೆಲ್ಲಗೆ ಮಾತಾಡಿ. ಮರಿಗಳಿವೆ.”

ಟೀಚರಮ್ಮ ಅವರನ್ನು ಬರಿಗಾಲಿನಿಂದ ನೆತ್ತಿಯವರೆಗೆ ನೋಡಿದರು. “ಇಷ್ಟು ವರ್ಷದಲ್ಲಿ ನೀವು ಹೇಳಿದ್ದು ನನಗೆ ಅರ್ಥ ಆಗಿದ್ದು ಇವತ್ತೇ ನೋಡಿ,” ಎಂದು ಆಳಿಗೆ ಕೂಲಿ ಕೊಟ್ಟು ಕಳಿಸಿಬಿಟ್ಟರು.

ಆ ವಾರವೆಲ್ಲ ಮಾವ ಮನೆಮನೆಗೆ ಹೋದರು. ಪಟಪಟ ಎನ್ನುವ ಬೈಕನ್ನು ತಿರುವಿನಲ್ಲೇ ಆರಿಸಿ ಎಂದರು, ಗಿಡಕ್ಕೆ ಹುಳದ ಔಷಧಿ ಹೊಡೆಯಬೇಡಿ ಎಂದರು, ಎಲೆ ಕಸಕ್ಕೆ ಬೆಂಕಿ ಹಚ್ಚಬೇಡಿ ಎಂದರು. ಇದನ್ನೆಲ್ಲ ತುತ್ತೂರಿಯಲ್ಲಿ ಸಾವಿರ ಸಲ ಹೇಳಿದ್ದರು. ಆದರೆ ಜಗಲಿಗೆ ಬಂದು ಕೂತವರನ್ನು ಹಾಗೇ ಕಳಿಸಲಾದೀತೆ? ಜನ ನೀರು ಕೊಟ್ಟರು, ಮಾತು ಕೇಳಿದರು, ಎದುರು ಮಾತೂ ಆಡಿದರು. ನಿಮ್ಮ ಅಂಗಳದ ಟೈಲ್ಸ್‌ ಕಥೆ ಏನು ಮಾವ ಎಂದು ಮೂರು ಮನೆಯವರು ಕೇಳಿದರು. ಮೂರನೆಯ ಮನೆಯಿಂದ ಬಂದವರೇ ಮಾವ ಭಾವಮೈದನ ಹಾರೆ ಕೇಳಿ ಪಡೆದರು.

ಬಹುಮಾನದ ದಿನ ದೊಡ್ಡ ಅಧಿಕಾರಿ ಬಂದರು. ಮೈಕಿಲ್ಲ ಎಂದು ತಿಳಿದು ಅವರ ಮುಖ ಸಪ್ಪಗಾಯಿತು. ಮಾವ ಮೆಲುದನಿಯಲ್ಲಿ ಮಾತು ಶುರುಮಾಡಿದರು. ಕೇಳಿಸದೆ ಜನ ಕುರ್ಚಿ ಎಳೆದುಕೊಂಡು ಹತ್ತಿರ ಹತ್ತಿರ ಬಂದರು. ಅಧಿಕಾರಿಗಳು ಮಾತ್ರ ಇದ್ದಲ್ಲೇ ಇದ್ದರು. ಕೆದರಿದ ಬೇಲಿಯನ್ನೂ ಕಿತ್ತ ಟೈಲ್ಸ್‌ ರಾಶಿಯನ್ನೂ ನೋಡಿ ಏನೋ ಬರೆದುಕೊಂಡು ಹೊರಟರು. ಬಹುಮಾನ ಪಕ್ಕದ ಬೀದಿಗೆ ಹೋಯಿತು. ಅಲ್ಲಿ ನಾಲ್ಕು ಲೌಡ್‌ಸ್ಪೀಕರ್ ಇದ್ದವು, ಪ್ಲಾಸ್ಟಿಕ್ ಹುಲ್ಲಿನ ಹಾಸು ಇತ್ತು.

ಮಾವ ಅಂದು ಊಟ ಮಾಡಲಿಲ್ಲ. ಪ್ರಾಮಾಣಿಕವಾಗಿ ಸಂಕಟಪಟ್ಟರು. ಬೆಳಿಗ್ಗೆ ಎದ್ದು ಮಾತ್ರ ಮೊದಲು ತಾರಸಿಗೇ ಹೋದರು.

ಕೆಲವು ದಿನಗಳಲ್ಲಿ ಮರಿಗಳು ಒಂದೊಂದಾಗಿ ಹೊರಬಂದು, ತಂತಿಯ ಮೇಲೆ ತೂಗಾಡಿ, ಟೀಚರಮ್ಮನ ಬೇಲಿಗೆ ಬಿದ್ದು ಎದ್ದು ಹಾರಿಹೋದವು. ಭಾವಮೈದ ಕಂಬ ಹತ್ತಿ ಇಣುಕಿದ. ಅಷ್ಟರಲ್ಲಿ ಬೀದಿಯ ಕಿಟಕಿಗಳಲ್ಲಿ ತಲೆಗಳು ಮೂಡಿದ್ದವು.

“ಖಾಲಿ, ಭಾವ. ವೈರು ಜೋಡಿಸ್ಲಾ?”

ಕಿತ್ತ ಅಂಗಳದಲ್ಲಿ ಹೊಸ ಬೇಲಿಗೆಂದು ಗಿಡದ ಕಡ್ಡಿ ಊರುತ್ತಿದ್ದ ಮಾವ ಮಣ್ಣಿನ ಕೈಯಿಂದ ಗಂಟಲು ಸವರಿಕೊಂಡರು. ಇಡೀ ಬೀದಿ ತಮ್ಮ ಮಾತಿಗೆ ಕಾದು ನಿಂತಿದೆ. ಬಸ್ ನಿಲ್ದಾಣ ಬಿಟ್ಟಮೇಲೆ ಇಂಥ ಮೌನ ಅವರಿಗೆ ಸಿಕ್ಕಿರಲಿಲ್ಲ. ಅದನ್ನು ಸಾಕಷ್ಟು ಹೊತ್ತು ಸವಿದರು.

“ಬೇಡ,” ಎಂದರು. “ಮುಂದಿನ ಗಾಡಿ ಬರೋವರೆಗೂ ಪ್ಲಾಟ್‌ಫಾರಂ ಖಾಲಿ ಇರಲಿ.”

ಕಿಟಕಿಗಳು ಮುಚ್ಚಿಕೊಂಡವು. ಹೆಂಡತಿ ಹೊಸ್ತಿಲಿಗೆ ಬಂದು, ಯಾರೂ ಕೇಳದೆಯೇ, ಒಂದು ಚೊಂಬು ನೀರು ಚಾಚಿದರು. ಮಾವ ಕೈ ಒರೆಸಿಕೊಂಡು ಕುಡಿಯಲು ಎತ್ತಿದರು.

“ಅದು ನಿಮಗಲ್ಲ ರೀ,” ಎಂದರು ಅವರು, “ಕಡ್ಡಿಗೆ ಹಾಕಿ.”