ಟೈಪಮ್ಮನ ರಾಜಿಪತ್ರ

ಕಾನೂನು ಕಾಲೇಜಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಪ್ರಾಂಶುಪಾಲರಿಂದ ಹಿಡಿದು ನಿನ್ನೆ ಮೊನ್ನೆ ಸೇರಿದ ಹುಡುಗರವರೆಗೆ ಎಲ್ಲರಿಗೂ ಆಕೆ ಟೈಪಮ್ಮ. ನಾನು ಅದೇ ಕಾಲೇಜಿನ ಗ್ರಂಥಪಾಲಕ. ಇಪ್ಪತ್ತೆರಡು ವರ್ಷ ಆಕೆಯ ಮೇಜಿಗೂ ನನ್ನ ಮೇಜಿಗೂ ನಡುವೆ ಇದ್ದದ್ದು ಒಂದು ಮರದ ಪರದೆ ಮಾತ್ರ. ಆ ಕಡೆ ಕೀಲಿಗಳ ಸದ್ದು ನಿಂತಿತೆಂದರೆ ಮಧ್ಯಾಹ್ನವಾಯಿತೆಂದು ನಾನು ಊಟದ ಡಬ್ಬಿ ತೆಗೆಯುತ್ತಿದ್ದೆ.

ಆಕೆಗೆ ಮದುವೆಯಾಗಿರಲಿಲ್ಲ. ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕನ ಜೊತೆ ಇದ್ದರು. ಅಕ್ಕ ಕೆಳಗಿನ ಲಾಂಡ್ರಿಯಲ್ಲೇ ಇಸ್ತ್ರಿ ಮಾಡುತ್ತಿದ್ದಳು. ಬಾಯಿ ಜೋರು, ಕೈಯೂ ಜೋರು. ತಂಗಿಯದು ತದ್ವಿರುದ್ಧ. ಕೇಳಿದ್ದಕ್ಕೆ ಉತ್ತರ, ಕೊಟ್ಟಿದ್ದಕ್ಕೆ ಸಂತೋಷ. ಕಾಲೇಜಿನಲ್ಲಿ ಕೆಲಸ ತಾತ್ಕಾಲಿಕವಾಗಿತ್ತು. ವರ್ಷಕ್ಕೊಂದು ಸಲ ಒಂದು ಕಾಗದ ಬರುತ್ತಿತ್ತು, ಇನ್ನೊಂದು ವರ್ಷ ಮುಂದುವರಿಸಲಾಗಿದೆ ಎಂದು. ಆ ಕಾಗದವನ್ನೂ ಆಕೆಯೇ ಟೈಪ್ ಮಾಡುತ್ತಿದ್ದರು.

ವರ್ಷದಲ್ಲಿ ಒಂದು ವಾರ ಮಾತ್ರ ಟೈಪಮ್ಮನಿಗೆ ಎಲ್ಲಿಲ್ಲದ ಗತ್ತು ಬರುತ್ತಿತ್ತು. ಅದು ಸಂಧಾನ ಸ್ಪರ್ಧೆಯ ವಾರ. ಬೇರೆ ಬೇರೆ ಕಾಲೇಜುಗಳಿಂದ ಕಾನೂನು ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೊಂದು ಜಗಳ ಕೊಡುತ್ತಾರೆ. ಎರಡು ಕಡೆಗೆ ಒಬ್ಬೊಬ್ಬ ವಕೀಲ. ಕೋರ್ಟಿನಂತೆ ವಾದಿಸುವ ಹಾಗಿಲ್ಲ. ಎದುರುಬದುರು ಕೂತು ಮಾತಾಡಿ ರಾಜಿಗೆ ಬರಬೇಕು. ಜಗಳದ ಕಥೆ ಎರಡೂ ಕಡೆಯವರಿಗೆ ಗೊತ್ತು. ಅದಲ್ಲದೆ ಒಂದೊಂದು ಕಡೆಗೆ ಒಂದೊಂದು ಗುಟ್ಟಿನ ಹಾಳೆ ಇರುತ್ತದೆ. ನಿಮ್ಮ ಕಕ್ಷಿದಾರ ಎಲ್ಲಿಯವರೆಗೆ ಬಗ್ಗಬಲ್ಲ, ಅವನಿಗೆ ನಿಜವಾಗಿ ಬೇಕಾದದ್ದೇನು, ಏನನ್ನು ಬಾಯಿ ಬಿಡಬಾರದು, ಎಲ್ಲ ಅದರಲ್ಲಿ. ಆ ಹಾಳೆಗಳನ್ನು ಟೈಪ್ ಮಾಡಿ, ಲಕೋಟೆಗೆ ಹಾಕಿ, ಅಂಟಿಸಿ, ಬೀರುವಿನಲ್ಲಿಟ್ಟು ಬೀಗ ಹಾಕುವ ಕೆಲಸ ಟೈಪಮ್ಮನದು. ಸ್ಪರ್ಧೆ ನಡೆಸುತ್ತಿದ್ದ ಮೇಷ್ಟ್ರು ಹೇಳುತ್ತಿದ್ದರು: “ದೇವ್ರನ್ನ ಬಿಟ್ರೆ ಎರಡೂ ಕಡೆ ಗುಟ್ಟು ಗೊತ್ತಿರೋದು ನಮ್ಮ ಟೈಪಮ್ಮಂಗೆ. ದೇವ್ರಾದ್ರೂ ಯಾರಿಗಾದ್ರೂ ಹೇಳಿಯಾನು, ಈಕೆ ಹೇಳಲ್ಲ.”

ನಿಜ, ಹೇಳುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಆ ಬೀರುವಿನ ಸುತ್ತ ಸುಳಿದಾಡಿದ್ದ. ಅವನ ಮಾತು ಅಷ್ಟು ನುಣುಪು, ಎಲ್ಲರೂ ಅವನನ್ನು ಬೆಣ್ಣೆ ಎನ್ನುತ್ತಿದ್ದರು. “ಅಮ್ಮಾ, ಆ ಕಡೇದು ಒಂದೇ ಒಂದು ಸಾಲು,” ಎಂದ. ಟೈಪಮ್ಮ ತಲೆ ಎತ್ತದೆ, “ನಿನ್ನ ಹಾಳೆ ಸರಿಯಾಗಿ ಓದ್ಕೊಂಡ್ಯೇನಪ್ಪಾ? ಹೋಗು, ಅದನ್ನ ಓದು,” ಎಂದರು. ಅವನು ನಕ್ಕು ಹೋದ. ಆ ವರ್ಷದ ಕಪ್ ಅವನಿಗೇ ಬಂತು. ಆಮೇಲೆ ವಕೀಲನಾದ, ಹೆಸರು ಮಾಡಿದ. ನಮ್ಮ ಆಡಳಿತ ಮಂಡಳಿಗೂ ಅವನೇ ವಕೀಲನಾದ.

ಐವತ್ತಮೂರನೆಯ ವಯಸ್ಸಿನಲ್ಲಿ ಟೈಪಮ್ಮನ ಬಲಗೈ ಮಣಿಕಟ್ಟು ಕೈಕೊಟ್ಟಿತು. ಮೊದಮೊದಲು ಬೆರಳು ಜುಮ್ಮೆನ್ನುತ್ತಿತ್ತು. ಆಮೇಲೆ ಚಹಾದ ಲೋಟ ಹಿಡಿದರೆ ಜಾರತೊಡಗಿತು. ವೈದ್ಯರು ಪಟ್ಟಿ ಕಟ್ಟಿ, ಇನ್ನು ಟೈಪ್ ಮಾಡಿದರೆ ಈ ಕೈಯನ್ನು ಮರೆತುಬಿಡಿ ಎಂದರು. ಹೊಸ ಆಪರೇಟರ್ ಒಬ್ಬ ಬಂದ. ಆಕೆಯನ್ನು ಏನು ಮಾಡುವುದೆಂಬ ಪ್ರಶ್ನೆ ಮಂಡಳಿಯ ಮುಂದೆ ಹೋಯಿತು.

ಇಲ್ಲಿ ನನ್ನ ಪಾಲಿನದನ್ನು ಹೇಳಿಬಿಡುತ್ತೇನೆ. ಆ ದಿನಗಳಲ್ಲಿ ಪ್ರಾಂಶುಪಾಲರು ನನ್ನನ್ನು ಕರೆಸಿ, “ಲೈಬ್ರರಿ ಕೌಂಟರಲ್ಲಿ ಒಬ್ಬರು ಕೂರೋಕೆ ಜಾಗ ಇದೆಯಾ? ಪುಸ್ತಕ ಕೊಡೋದು, ತಗೊಳ್ಳೋದು, ಅಷ್ಟೇ,” ಎಂದು ಕೇಳಿದರು.

“ಎರಡು ವರ್ಷದಿಂದ ಖಾಲಿ ಇದೆ ಸರ್. ಟೈಪಮ್ಮಂಗಾದ್ರೆ ಬಹಳ ಒಳ್ಳೇದಾಯ್ತು.”

“ಸರಿ. ಸದ್ಯಕ್ಕೆ ಬಾಯಿ ಬಿಡಬೇಡಿ.”

ನಾನು ಬಿಡಲಿಲ್ಲ. ಹೇಗೂ ಆಕೆ ನನ್ನ ಕೌಂಟರಿಗೇ ಬರುತ್ತಾರೆಂದು ಒಳಗೊಳಗೇ ಖುಷಿಪಟ್ಟು, ಅಲ್ಲಿನ ಕುರ್ಚಿಗೆ ಹೊಸ ಮೆತ್ತೆ ಹೊಲಿಸಿದೆ.

ಮಾತುಕತೆಗೆ ಬಂದವನು ಬೆಣ್ಣೆ. ಪ್ರಾಂಶುಪಾಲರ ಕೋಣೆಯಲ್ಲಿ ಇಬ್ಬರೇ ಕೂತರು. ಹನ್ನೊಂದೇ ನಿಮಿಷ, ಆಮೇಲೆ ಮೇಷ್ಟ್ರೂ ಅದನ್ನೇ ಹೇಳಿ ಬೆರಗಾದರು. ಹೊರಗೆ ಬಂದ ಟೈಪಮ್ಮ ನೇರವಾಗಿ ನನ್ನ ಹತ್ತಿರ ಬಂದರು, ಮುಖ ಅರಳಿತ್ತು.

“ಎಷ್ಟು ಮರ್ಯಾದೆಯಿಂದ ಮಾತಾಡಿದ್ರು ಸರ್! ಮೊದ್ಲು ಕೇಳಿದ್ದೇ ‘ಅಮ್ಮಾ, ಕೈ ಹೇಗಿದೆ’ ಅಂತ. ತಾನೇ ಎದ್ದು ನೀರು ತಂದ್ಕೊಟ್ರು. ಇಪ್ಪತ್ತೆರಡು ವರ್ಷದಲ್ಲಿ ಈ ಕಾಲೇಜಲ್ಲಿ ನನಗೆ ಯಾರಾದ್ರೂ ನೀರು ಕೊಟ್ಟಿದಾರಾ?”

“ಏನು ತೀರ್ಮಾನ ಆಯ್ತು?”

“ಒಂದು ವರ್ಷ. ಇದೇ ಮೇಜು, ಹಗುರ ಕೆಲಸ. ಆಮೇಲೆ ಒಳ್ಳೆ ಸರ್ಟಿಫಿಕೇಟ್ ಕೊಟ್ಟು ಕಳಿಸ್ತಾರಂತೆ. ರಾಜಿಪತ್ರಕ್ಕೆ ಸಹಿ ಹಾಕ್ದೆ.”

“ಲೈಬ್ರರಿ ಕೌಂಟರ್ ವಿಷಯ ಕೇಳಲಿಲ್ವಾ?”

“ಆ ಕುರ್ಚಿ ಖಾಲಿ ಇದೆಯಲ್ಲ, ಕೇಳ್ಬೇಕು ಅಂತಾನೇ ಹೋಗಿದ್ದೆ. ಅಷ್ಟು ಚೆನ್ನಾಗಿ ಮಾತಾಡಿದ್ಮೇಲೆ ಇನ್ನೂ ಕೇಳಿದ್ರೆ ಆಸೆಬುರುಕಿ ಅನ್ಕೋತಾರೆ ಅನ್ನಿಸ್ತು.”

ಆಗಲೇ ಹೇಳಬಹುದಿತ್ತು. ಸಹಿಯ ಮಸಿ ಇನ್ನೂ ಒಣಗಿರಲಿಲ್ಲ. ಆದರೆ ಆ ತಿಂಗಳು ನನ್ನ ಬಡ್ತಿಯ ಕಡತವೂ ಪ್ರಾಂಶುಪಾಲರ ಮೇಜಿನ ಮೇಲಿತ್ತು. ತುಟಿ ಹೊಲಿದುಕೊಂಡು ಕೂತೆ.

ಮನೆಯಲ್ಲಿ ಅಕ್ಕ ಮಂಗಳಾರತಿ ಎತ್ತಿದಳಂತೆ. “ಒಂದೇ ವರ್ಷಾನಾ? ಒಂದು ಲೋಟ ನೀರಿಗೆ ನಿನ್ನನ್ನೇ ಮಾರ್ಕೊಂಡ್ಯಲ್ಲೇ! ಮನೆಗೆ ಹೋಗಿ ಅಕ್ಕನ್ನ ಕೇಳ್ಕೊಂಡು ಬರ್ತೀನಿ ಅನ್ನೋಕೆ ನಿಂಗೆ ಬಾಯಿ ಇರಲಿಲ್ವಾ?” ಮರುದಿನ ಇದನ್ನು ಹೇಳುತ್ತ ಟೈಪಮ್ಮ ನಗುತ್ತಿದ್ದರು. ಅಕ್ಕನಿಗೆ ಒಳ್ಳೆಯವರನ್ನು ಕಂಡರೆ ಆಗುವುದಿಲ್ಲ ಎಂದರು.

ನಾಲ್ಕು ತಿಂಗಳ ಮೇಲೆ ಸಂಧಾನ ಸ್ಪರ್ಧೆ ಬಂತು. ಹೊಸ ಆಪರೇಟರನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಮೇಷ್ಟ್ರು ಗುಟ್ಟಿನ ಹಾಳೆಗಳನ್ನು ಟೈಪಮ್ಮನಿಗೇ ಕೊಟ್ಟರು. “ಎಡಗೈಲೇ ನಿಧಾನಕ್ಕೆ ಹೊಡೀರಿ, ನಾಲ್ಕು ದಿನ ಆದ್ರೂ ಪರವಾಗಿಲ್ಲ,” ಎಂದರು. ಆಕೆ ಹಿಗ್ಗಿದರು. ಎಡಗೈಯ ಒಂದೇ ಬೆರಳಿನಲ್ಲಿ ಕುಟ್ಟುವ ಸದ್ದು ಪರದೆಯ ಈಚೆಗೆ ಕೇಳುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ಅದು ಥಟ್ಟನೆ ನಿಂತಿತು. ಬಹಳ ಹೊತ್ತು ಮತ್ತೆ ಶುರುವಾಗಲಿಲ್ಲ. ನಾನು ಎದ್ದು ಹೋಗಿ ನೋಡಿದೆ.

ಟೈಪಮ್ಮ ಹಾಳೆಯೊಂದನ್ನು ನನ್ನತ್ತ ತಳ್ಳಿದರು. ಗುಟ್ಟಿನ ಹಾಳೆಯನ್ನು ಆಕೆ ಇನ್ನೊಬ್ಬರಿಗೆ ತೋರಿಸಿದ್ದು ಅದೇ ಮೊದಲು.

ಜಗಳ ಒಂದು ಗಾಜಿನ ಕಾರ್ಖಾನೆಯದು. ಗಾಜು ಪರೀಕ್ಷಿಸುವ ಹೆಂಗಸೊಬ್ಬಳಿಗೆ ಇಪ್ಪತ್ತೆರಡು ವರ್ಷ ದುಡಿದ ಮೇಲೆ ಕಣ್ಣು ಮಂಜಾಗಿದೆ. ಮದುವೆಯಿಲ್ಲ, ಅಕ್ಕನ ಜೊತೆ ವಾಸ. ಕಾರ್ಖಾನೆಯ ವಕೀಲರಿಗೆ ಮಾತ್ರ ಎಂದಿದ್ದ ಹಾಳೆಯಲ್ಲಿ ಹೀಗೆ ಬರೆದಿತ್ತು: ‘ಆಕೆಯನ್ನು ನಿವೃತ್ತಿಯವರೆಗೆ, ಅಂದರೆ ಐದು ವರ್ಷ, ಉಗ್ರಾಣದ ಕೌಂಟರಿನಲ್ಲಿ ಕೂರಿಸಲು ಮಂಡಳಿ ಒಪ್ಪಿದೆ. ಜಾಗ ಖಾಲಿ ಇದೆ. ಆದರೂ ಒಂದು ವರ್ಷದಿಂದ ಆರಂಭಿಸಿ. ಆಕೆ ಕೇಳದ ಹೊರತು ಮುಂದೆ ಹೋಗಬೇಡಿ. ಆಕೆಗೆ ಕೆಲಸಕ್ಕಿಂತ ಮರ್ಯಾದೆ ದೊಡ್ಡದು. ಮೊದಲು ಕಣ್ಣಿನ ಬಗ್ಗೆ ವಿಚಾರಿಸಿ. ನೀರು ಕೊಡಿ.’

ಆಕೆ ಮೇಷ್ಟ್ರ ಕೋಣೆಗೆ ಹೋದರು, ನಾನೂ ಹಿಂದೆಯೇ ಹೋದೆ. “ಇದನ್ನ ಬರೆದವರು ಯಾರು ಸರ್?”

“ಬೆಣ್ಣೆ. ಈ ಸಲ ಕಥೆ ನಾನು ಕೊಡ್ತೀನಿ ಅಂದ. ತಾನೇ ನಡೆಸಿದ ಸಂಧಾನವಂತೆ, ಕಸುಬು ಒಂದು ಬದಲಾಯಿಸಿದೀನಿ ಅಂದ. ಯಾಕಮ್ಮ, ತಪ್ಪೇನಾದ್ರೂ ಇದೆಯಾ?”

“ಇಲ್ಲ ಸರ್. ಒಂದಕ್ಷರ ತಪ್ಪಿಲ್ಲ.”

ಹೊರಗೆ ಬಂದ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದರು: “ನಿಮ್ಮ ಕೌಂಟರಿಗೆ ನನ್ನನ್ನ ಹಾಕೋ ಮಾತು ಇತ್ತಾ ಸರ್?”

“ಇತ್ತು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಆಕೆ ಬೈಯಲಿಲ್ಲ. ಹೋಗಿ ಉಳಿದ ಹಾಳೆಗಳನ್ನು ಟೈಪ್ ಮಾಡಿ ಮುಗಿಸಿದರು, ಲಕೋಟೆಗೆ ಹಾಕಿ ಬೀಗ ಜಡಿದರು. ಬಿಟ್ಟುಬಿಡಿ ಎಂದು ನಾನು ಹೇಳಿದ್ದಕ್ಕೆ, “ಮಕ್ಕಳು ಅಷ್ಟು ದೂರದಿಂದ ಬರ್ತಾರೆ, ಅವರೇನು ಮಾಡಿದಾರೆ?” ಎಂದರು.

ಅಂತಿಮ ಸುತ್ತು ಕಾಲೇಜಿನ ಸಭಾಂಗಣದಲ್ಲಿ. ವೇಳೆ ನೋಡಿ ಗಂಟೆ ಬಾರಿಸುವ ಕೆಲಸ ಎಂದಿನಂತೆ ಟೈಪಮ್ಮನದು. ತೀರ್ಪುಗಾರರ ಬೆನ್ನ ಹಿಂದೆ, ಮೂಲೆಯ ಪುಟ್ಟ ಮೇಜಿನ ಮುಂದೆ ಕೂತಿದ್ದರು. ಮೂವರು ತೀರ್ಪುಗಾರರಲ್ಲಿ ಬೆಣ್ಣೆಯೂ ಒಬ್ಬ. ಹೆಂಗಸಿನ ಪರವಾಗಿ ಮಾತಾಡಿದವಳು ಒಬ್ಬ ತೆಳ್ಳನೆಯ ಹುಡುಗಿ, ಕನ್ನಡಕದವಳು. ಕಾರ್ಖಾನೆಯ ಪರ ಇದ್ದ ಹುಡುಗ ಹಾಳೆಯಲ್ಲಿ ಹೇಳಿದಂತೆಯೇ ಶುರು ಮಾಡಿದ. ಕಣ್ಣಿನ ಬಗ್ಗೆ ಕೇಳಿದ. ನೀರು ಕೊಟ್ಟ.

“ನೀರಿಗೆ ಥ್ಯಾಂಕ್ಸ್,” ಎಂದಳು ಹುಡುಗಿ. “ಈ ಒಂದು ವರ್ಷ ಅನ್ನೋದನ್ನ ತೀರ್ಮಾನ ಮಾಡಿದ್ದು ಯಾರು? ಮಂಡಳಿ ಠರಾವಿನ ಪ್ರತಿ ತಂದಿದೀರಾ?”

ಹುಡುಗ ತಡವರಿಸಿದ. “ಅದು... ಒಳಗಿನ ಕಾಗದ.”

“ಸರಿ ಹಾಗಾದ್ರೆ, ಇವತ್ತು ಸಹಿ ಬೇಡ. ನಮ್ಮ ಕಕ್ಷಿದಾರರು ಅವರಕ್ಕನ ಜೊತೆ ಮಾತಾಡ್ಕೊಂಡು ಬರ್ಲಿ. ಅಷ್ಟರಲ್ಲಿ ನೀವು ಪ್ರತಿ ತನ್ನಿ.”

ಇಪ್ಪತ್ತು ನಿಮಿಷದಲ್ಲಿ ಆ ಹುಡುಗ ಎರಡು ವರ್ಷ ಎಂದ, ಮೂರು ಎಂದ, ಕೊನೆಗೆ ಐದೂ ಕೊಟ್ಟ. ವೇಳೆ ಮುಗಿದರೂ ಗಂಟೆ ಬಾರಿಸಲಿಲ್ಲ. ತೀರ್ಪುಗಾರರೊಬ್ಬರು ತಿರುಗಿ ನೋಡಿದ ಮೇಲೆ ಟೈಪಮ್ಮ ಎಡಗೈಯಲ್ಲಿ ಗಂಟೆ ಬಾರಿಸಿದರು.

ಕಪ್ ಆ ಹುಡುಗಿಗೇ ಬಂತು. ಬೆಣ್ಣೆ ಭಾಷಣ ಮಾಡಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು, ಸಭೆ ಮೈಮರೆತು ಕೇಳುತ್ತಿತ್ತು. ಕೊನೆಯಲ್ಲಿ ಹೇಳಿದ: “ಇದು ನಿಜವಾಗಿ ನಡೆದದ್ದು. ಅಲ್ಲಿ ಮಾತ್ರ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಹಾಗಾಗಿ ನನ್ನ ಕೆಲಸ ಹನ್ನೊಂದೇ ನಿಮಿಷದಲ್ಲಿ ಮುಗೀತು. ಚಹಾ ಬರೋದರೊಳಗೆ ಸಹಿ ಬಂತು!”

ಸಭಾಂಗಣವೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಆಮೇಲೆ ‘ಹನ್ನೊಂದು ನಿಮಿಷ’ ಎಂಬುದು ಅವರಿಗೆ ಎಲ್ಲೋ ತಟ್ಟಿರಬೇಕು. ನಗು ಅರ್ಧಕ್ಕೆ ನಿಲ್ಲಿಸಿ ಮೂಲೆಯ ಮೇಜಿನ ಕಡೆ ನೋಡಿದರು. ಟೈಪಮ್ಮ ಗಂಟೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

ಬೆಣ್ಣೆ ಹೊರಡುವಾಗ ಆಕೆ ಕಾರಿಡಾರಿನಲ್ಲಿ ಅಡ್ಡ ನಿಂತರು. ರಾಜಿಯ ದಿನ ಅವನನ್ನು ‘ನೀವು’ ಎಂದಿದ್ದವರು ಈಗ ಏಕವಚನಕ್ಕೆ ಇಳಿದಿದ್ದರು.

“ಹಾಳೆ ಟೈಪ್ ಮಾಡಿದ್ದು ನಾನೇ ಕಣಪ್ಪಾ.”

“ಹೊಸ ಆಪರೇಟರ್ ಮಾಡ್ತಾನೆ ಅನ್ಕೊಂಡಿದ್ದೆ ಅಮ್ಮ.”

“ಅಂದ್ರೆ ನಂಗೆ ಗೊತ್ತಾಗಲ್ಲ ಅನ್ಕೊಂಡಿದ್ದೆ.”

“ನಾನು ಅವರ ಕಡೆ ವಕೀಲ. ಸುಳ್ಳು ಒಂದೂ ಹೇಳಲಿಲ್ಲ. ನೀವು ಕೇಳಿದ್ರೆ ಕೊಡ್ತಿದ್ದೆ. ನೀವು ಕೇಳಲಿಲ್ಲ.”

“ಅದು ಬಿಡು. ಕೈ ಹೇಗಿದೆ ಅಂತ ಕೇಳಿದ್ಯಲ್ಲ ಅವತ್ತು, ಅದೂ ಮಂಡಳಿ ನಿಂಗೆ ಕೊಟ್ಟ ಹಾಳೇಲಿ ಇತ್ತಾ?”

“ಇತ್ತು ಅಮ್ಮ. ಆದ್ರೆ ಕೇಳೋವಾಗ ನಿಜವಾಗ್ಲೂ ಕೇಳಿದ್ದೆ.”

“ಅದನ್ನ ನಾನು ಹೇಗಪ್ಪಾ ಗುರುತು ಹಿಡೀಲಿ?” ಎಂದು ಆಕೆ ದಾರಿ ಬಿಟ್ಟರು.

ಮೇಷ್ಟ್ರು ಮಂಡಳಿಗೆ ಪತ್ರ ಬರೆದರು. ಮೊದಲು ಸುಮ್ಮನಿದ್ದ ನಾನೂ ಆ ಪತ್ರಕ್ಕೆ ಸಹಿ ಹಾಕಿದೆ. ಅಷ್ಟರಲ್ಲಿ ನನ್ನ ಬಡ್ತಿ ಆಗಿತ್ತು, ಸಹಿ ಹಾಕಲು ಧೈರ್ಯ ಬಂದದ್ದು ಹಾಗೆ. ಉಭಯ ಪಕ್ಷಗಳ ಒಪ್ಪಿಗೆಯಿಂದ ಮುಗಿದ ವಿಷಯ ಎಂದು ಎರಡು ಸಾಲಿನ ಉತ್ತರ ಬಂತು. ಕಪ್ ಗೆದ್ದ ಹುಡುಗಿ ವಿಷಯ ತಿಳಿದು, ತನಗೆ ಗೊತ್ತಿದ್ದ ಹಿರಿಯ ವಕೀಲರ ಹತ್ತಿರ ಟೈಪಮ್ಮನನ್ನು ಕರೆದೊಯ್ದಳು. ಅಕ್ಕನೂ ಜೊತೆಗೆ ಹೋದಳು. ಆ ವಕೀಲರು ರಾಜಿಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದರಂತೆ: “ಇದರಲ್ಲಿ ಯಾರೂ ಮೋಸ ಮಾಡಿಲ್ಲವಲ್ಲಮ್ಮ. ಮೋಸ ಆಗಿದ್ರೆ ಏನಾದ್ರೂ ಮಾಡಬಹುದಿತ್ತು.”

ಹುಡುಗಿ ಮೆಟ್ಟಿಲಿಳಿಯುತ್ತ ಅತ್ತಳಂತೆ. ಅವಳನ್ನು ಸಮಾಧಾನ ಮಾಡಿದ್ದು ಟೈಪಮ್ಮ. ಅಕ್ಕ ಆ ದಿನ ಯಾರನ್ನೂ ಬೈಯಲಿಲ್ಲ. ಮನೆಗೆ ಬಂದು ಇಸ್ತ್ರಿಗೆ ನಿಂತವಳು ಒಬ್ಬರ ಅಂಗಿ ಸುಟ್ಟಳು.

ಆ ಕಥೆ ಮಾತ್ರ ಬಲು ಹೆಸರು ಮಾಡಿತು. ಬೇರೆ ಕಾಲೇಜುಗಳವರು ತಮ್ಮ ಸ್ಪರ್ಧೆಗೆ ಬೇಕೆಂದು ಕೇಳಿ ತರಿಸಿಕೊಂಡರು. ಅದರ ಪ್ರತಿಗಳನ್ನು ಅಂಚೆಗೆ ಹಾಕುವುದೂ ಆ ವರ್ಷ ಟೈಪಮ್ಮನ ಹಗುರ ಕೆಲಸಗಳಲ್ಲಿ ಒಂದಾಗಿತ್ತು. ವಿಳಾಸ ಬರೆದು, ಅಂಟಿಸಿ, ಪೇರಿಸಿಡುತ್ತಿದ್ದರು. ನನ್ನ ಜೊತೆ ಮಾತು ನಿಂತಿರಲಿಲ್ಲ. ಬೀಗದ ಕೈ ಎಲ್ಲಿದೆ, ಗೋಂದು ಮುಗಿದಿದೆ, ಇಷ್ಟು. ಒಂದು ದಿನ ನಾನು ಧೈರ್ಯ ಮಾಡಿ, “ನನ್ನಿಂದ ತಪ್ಪಾಯ್ತು ಟೈಪಮ್ಮ, ಹೊಟ್ಟೆಗೆ ಹಾಕ್ಕೊಳ್ಳಿ,” ಎಂದೆ. ಆಕೆ ಲಕೋಟೆ ಅಂಟಿಸುತ್ತಲೇ, “ಎಷ್ಟು ಅಂತ ಹಾಕ್ಕೊಳ್ಳಲಿ ಸರ್, ಅಲ್ಲೂ ಜಾಗ ಬೇಕಲ್ಲ,” ಎಂದರು. ವರ್ಷ ತುಂಬಿದ ದಿನ ಬೀರುವಿನ ಬೀಗದ ಕೈಯನ್ನು ಹೊಸ ಆಪರೇಟರನ ಕೈಗೆ ಕೊಟ್ಟು, ಎಲ್ಲರಿಗೂ ಒಂದೇ ಸಮ ಕೈಮುಗಿದು ಹೋದರು.

ಆಮೇಲೆ ಎರಡು ವರ್ಷ ನಾನು ಆಕೆಯನ್ನು ನೋಡಲಿಲ್ಲ. ಕಳೆದ ತಿಂಗಳು ಮಂಡಿನೋವಿಗೆಂದು ಒಂದು ಆಸ್ಪತ್ರೆಗೆ ಹೋದೆ. ಒಳಬಾಗಿಲಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ರೋಗಿಗಳ ಚೀಟಿ ಬರೆಯುತ್ತಿದ್ದವರು ಟೈಪಮ್ಮ. ಬೆನ್ನಿಗೆ ಆನಿಕೆಯಿಲ್ಲದ ಸ್ಟೂಲು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸಾಲು ಮುಂದೆ ಸರಿದು ನನ್ನ ಸರದಿ ಬಂತು.

“ಟೈಪಮ್ಮಾ, ಹೇಗಿದೀರಿ?” ಎಂದೆ.

ಆಕೆ ತಲೆ ಎತ್ತಿ ನನ್ನನ್ನು ಚೆನ್ನಾಗಿಯೇ ನೋಡಿದರು. ಗುರುತು ಹತ್ತಲಿಲ್ಲ ಎನ್ನುವ ಹಾಗಿರಲಿಲ್ಲ. ಮತ್ತೆ ಚೀಟಿಯತ್ತ ಬಗ್ಗಿದರು.

“ವಯಸ್ಸೆಷ್ಟು ಸರ್?” ಎಂದು ಕೇಳಿದರು.

ಹೇಳಿದೆ. ಬರೆದುಕೊಂಡು, ಹರಿದು ಕೊಟ್ಟು, ನನ್ನ ಹಿಂದೆ ನಿಂತಿದ್ದವರಿಗೆ ಮುಂದೆ ಬರುವಂತೆ ಕೈ ಮಾಡಿದರು.